ಸುಣ್ಣದ ಕಲ್ಲಿನಾಚೆ

ನಾನು ಒಂದು ಬೈಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಒಂದೇ ನೆಗೆತಕ್ಕೆ ಹಾರಿದವನು. ಹಾರುವಾಗ ಒಂದು ಮೋಡ ಅಡ್ಡ ಬಂತು. ಅದರ ಬೆನ್ನ ಮೇಲೆ ನನ್ನ ಟೈರಿನ ಅಚ್ಚು ಇವತ್ತಿಗೂ ಇದೆ. ನಾನು ಕೆಳಗಿಳಿದ ಹೊಡೆತಕ್ಕೆ ಮೂರು ಊರಿನ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಉಕ್ಕಿತು. ನಂಬದವರು ಆ ಮೋಡವನ್ನೇ ಕೇಳಿಕೊಳ್ಳಬಹುದು.

ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಿ. ಅದೇ ದಿನ ನನ್ನಂಥವರು ನಾನೂರು ಮಂದಿ ಹುಟ್ಟಿದರು. ಆದರೆ ನನ್ನ ಎಂಜಿನ್ ಗುಡುಗಿದಾಗ ಮಾತ್ರ ಕೆಲಸಗಾರರೆಲ್ಲ ಊಟದ ಡಬ್ಬಿ ಮುಚ್ಚಿ ಎದ್ದು ನಿಂತರು. ಊಟದ ಹೊತ್ತು ಮುಗಿದಿದ್ದಕ್ಕೆ ಎದ್ದರು ಎನ್ನುವವರೂ ಇದ್ದಾರೆ, ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಎತ್ತರದ ಮೈ, ಹಲ್ಲು ಹಲ್ಲಿನ ಟೈರು. ಡಾಂಬರು ಬಿಟ್ಟು ಕಲ್ಲುಮಣ್ಣಿನಲ್ಲಿ ಓಡಲೆಂದೇ ನನ್ನನ್ನು ಮಾಡಿದ್ದು.

ಮೊದಲ ಯಜಮಾನರು ದಾವಣಗೆರೆಯ ಹಲ್ಲಿನ ಡಾಕ್ಟರು. ಭಾನುವಾರ ನನ್ನ ಚಕ್ರದ ಕಡ್ಡಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ಬಳಿ ಇದ್ದಷ್ಟು ದಿನ ನಾನು ಹತ್ತಿದ ಅತಿ ದೊಡ್ಡ ಗುಡ್ಡವೆಂದರೆ ಅವರ ಬೀದಿಯ ಹಂಪು.

ಅವರಿಂದ ನನ್ನನ್ನು ಕೊಂಡವನು ಹಿರಿಯೂರಿನ ತಿಪ್ಪೇಶ. ಪಂಕ್ಚರ್ ಅಂಗಡಿ ಇಟ್ಟವನು. ಅವನ ಬೂಟಿನ ಅಡಿ ಸವೆದು ತೂತಾಗಿತ್ತು. ಬ್ರೇಕಿನ ಮೇಲೆ ಕಾಲಿಟ್ಟರೆ ಅವನ ಹೆಬ್ಬೆರಳೇ ನನಗೆ ತಾಗುತ್ತಿತ್ತು. ಅವನೂ ನನ್ನ ಜಾತಿಯವನೇ. ಒಂದು ಹಳ್ಳ ದಾಟಿದರೆ ಏಳು ಹಳ್ಳ ಎನ್ನುತ್ತಿದ್ದ.

ತಿಪ್ಪೇಶ ಏಳೆಂಟು ಜನರನ್ನು ಕಟ್ಟಿಕೊಂಡು ಒಂದು ಬೈಕ್ ತಂಡ ಮಾಡಿದ. ಊರಾಚೆಯ ಕರೇಕಲ್ಲು ಕಾವಲಿನ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಕಚ್ಚಾ ಹಾದಿಯಿದೆ. ಅಲ್ಲಿ ಓಡಿಸಲು ಅರಣ್ಯ ಇಲಾಖೆಯ ಅನುಮತಿಗಾಗಿ ಎರಡು ವರ್ಷ ಅರ್ಜಿ ಹಿಡಿದು ಅಲೆದ. ಕೊನೆಗೂ ಸಿಕ್ಕಿತು. ಆದರೆ ಹಾದಿ ಬಿಟ್ಟು ಗಡಿಕಲ್ಲು ದಾಟಿದರೆ ಬೈಕು ಜಪ್ತಿ, ಇಡೀ ತಂಡದ ಅನುಮತಿ ರದ್ದು.

ಕಾವಲಿನ ಗಾರ್ಡ್ ಮಾರಕ್ಕ ತನ್ನದೊಂದು ಷರತ್ತು ಸೇರಿಸಿದಳು. "ಗಡಿಕಲ್ಲಿಗೆ ವರ್ಷಾವರ್ಷ ಸುಣ್ಣ ನೀವೇ ಬಳೀಬೇಕು. ಕೈಯಾರೆ ಬಳಿದ ಕಲ್ಲು ದಾಟೋಕೆ ಯಾರಿಗಾದ್ರೂ ಮನಸ್ಸು ಬರುತ್ತೇನಪ್ಪಾ?"

"ಛೇ, ಎಲ್ಲಾದ್ರೂ ಉಂಟಾ ಮೇಡಂ!" ಎಂದ ತಿಪ್ಪೇಶ. ಆ ಬೇಸಿಗೆಯಲ್ಲಿ ಅರವತ್ತೆರಡು ಕಲ್ಲಿಗೆ ಅವನೇ ಸುಣ್ಣ ಬಳಿದ. ಡಬ್ಬ ಹೊತ್ತವನು ನಾನು.

ಈಗ ನಾನಿರುವುದು ಅರಣ್ಯ ಕಚೇರಿಯ ಹಿಂದಿನ ಜಾಲಿಮರದ ಕೆಳಗೆ. ಜಪ್ತಿಯಾದ ಗಾಡಿಗಳೆಲ್ಲ ಇಲ್ಲೇ. ನನ್ನ ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿದ್ದಾರೆ. ಅದು ಸರ್ಕಾರ ಕೊಟ್ಟ ಪದಕವೆಂದು ಎಲ್ಲರಿಗೂ ಹೇಳಿದ್ದೇನೆ. ಮಾರಕ್ಕನ ಮೇಲೆರಗಿದ ಚಿರತೆಯನ್ನು ನಾನು ಮುಂದಿನ ಚಕ್ರದಿಂದ ಒದ್ದು ಓಡಿಸಿದೆನೆಂದು, ಅದಕ್ಕೇ ಇಲ್ಲಿ ಕೂರಿಸಿ ಗೌರವಿಸಿದ್ದಾರೆಂದು. ಟ್ರ್ಯಾಕ್ಟರು ಬಾಯಿ ಬಿಟ್ಟುಕೊಂಡು ಕೇಳಿತು. ಕದ್ದ ಶ್ರೀಗಂಧ ಹೊತ್ತು ಸಿಕ್ಕಿಬಿದ್ದ ಮುದಿ ಮೊಪೆಡ್ಡು ಮಾತ್ರ ನನ್ನ ಮುಖ ನೋಡಲಿಲ್ಲ, ಟೈರು ನೋಡಿತು.

"ಅಲ್ಲಣ್ಣಾ, ಚಿರತೆ ಒದ್ದೆ ಅಂತೀಯ. ನಿನ್ನ ಟೈರಿನ ಹಲ್ಲಿನ ಸಂದೀಲಿ ಮೊಟ್ಟೆ ಸಿಪ್ಪೆ ಸಿಕ್ಕೊಂಡೈತಲ್ಲ, ಚಿರತೆ ಯಾವಾಗಿಂದ ಮೊಟ್ಟೆ ಇಡ್ತಾ ಐತೆ?"

ಟ್ರ್ಯಾಕ್ಟರು ನಕ್ಕಿತು. ನನಗೆ ನಗು ಬರಲಿಲ್ಲ. ಹೇಳಿಬಿಡುತ್ತೇನೆ.

ನಾನು ಜಪ್ತಿಯಾದ ದಿನ ಬೆಳಿಗ್ಗೆ ಹಾದಿಯ ತಿರುವಿನಲ್ಲಿ ಎಲ್ಲರೂ ನಿಂತಿದ್ದರು. ತಂಡದ ವಾಜಿದ್ ಚುಚ್ಚಿದ, "ಏಳು ಹಳ್ಳ ಹಾರೋ ಧೀರ, ಮೊಣಕಾಲುದ್ದ ಕಲ್ಲಿಗೆ ಹೆದರ್ತೀಯೇನಲೇ?"

"ಯಾರಲೇ ಹೆದರೋನು? ಕಲ್ಲಿನಾಚೆ ಆ ಬಂಡೆ ಕಾಣ್ತೈತಲ್ಲ, ಅದನ್ನ ಮುಟ್ಟಿ ಬರ್ತೀನಿ, ನೋಡ್ತಿರು," ಎಂದ ತಿಪ್ಪೇಶ. ಎರಡು ಸುಣ್ಣದ ಕಲ್ಲುಗಳ ನಡುವೆ ನನ್ನನ್ನು ನುಗ್ಗಿಸಿದ.

ಹುಲ್ಲು ಸರ್ರನೆ ಹಿಂದೆ ಓಡಿತು. ತಲೆಯ ಮೇಲೆ ಎರಡು ಟಿಟ್ಟಿಭ ಹಕ್ಕಿಗಳು ಚೀರುತ್ತ ಎರಗಿ ಎರಗಿ ಬಂದವು. ನಮ್ಮ ಓಟಕ್ಕೆ ಜೈಕಾರ ಹಾಕುತ್ತಿವೆ ಎಂದುಕೊಂಡೆ. ಚಕ್ರದಡಿ ಏನೋ ಸಣ್ಣಗೆ ಚಿಟಕ್ಕೆಂದಿತು. ಬೆಣಚುಕಲ್ಲು ಎಂದುಕೊಂಡೆ.

ಬಂಡೆಯ ಮರೆಯಿಂದ ಮಾರಕ್ಕ ಎದ್ದು ನಿಂತಳು. ಅವಳು ಕೂಗಲಿಲ್ಲ. ಅದಕ್ಕೇ ತಿಪ್ಪೇಶ ಎಂಜಿನ್ ಆರಿಸಿ ಕೆಳಗಿಳಿದ.

"ಆಕ್ಸಿಲರೇಟರ್ ಸಿಕ್ಕಾಕ್ಕೊಂತು ಮೇಡಂ. ಗಾಡೀನೇ ಎಳ್ಕೊಂಡು ಬಂತು."

ಅವಳು ಬಂದು ನನ್ನ ಹಿಡಿಯನ್ನು ತಿರುಗಿಸಿ ಬಿಟ್ಟಳು. ಅದು ಟಕ್ಕನೆ ಹಿಂದಕ್ಕೆ ಬಂತು. ಅಷ್ಟು ಚೆನ್ನಾಗಿ ಅದಕ್ಕೆ ಎಣ್ಣೆ ಹಾಕಿದವನು ತಿಪ್ಪೇಶನೇ.

"ಆ ಕಲ್ಲಿಗೆ ಸುಣ್ಣ ಬಳಿದೋರು ಯಾರು?"

"...ನಾನೇ."

"ಇಲ್ಲಿ ನೋಡು ಹಂಗಾದ್ರೆ."

ನಾವು ಬಂದ ದಾರಿಯಲ್ಲಿ, ಬರಿ ನೆಲದ ಮೇಲೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆಗಳು. ಮೂರು ಒಡೆದು ಮಣ್ಣಿಗೆ ಅಂಟಿದ್ದವು. ಒಂದರೊಳಗೆ ಮರಿ ಆಗಲೇ ರೂಪುಗೊಂಡಿತ್ತು. ಅದರ ಕಾಲು ಒಮ್ಮೆ ಆಡಿತು, ನಿಂತಿತು. ತಾಯಿ ಹಕ್ಕಿ ನಮಗೆ ಹೆದರದೆ, ನನ್ನ ಬಿಸಿ ಸೈಲೆನ್ಸರಿನ ಪಕ್ಕದಲ್ಲೇ ಇಳಿದು, ಉಳಿದ ಒಂದರ ಮೇಲೆ ಕೂತಿತು.

ತಿಪ್ಪೇಶ ಅಲ್ಲೇ ಕುಸಿದು ಕೂತ. ಮಾರಕ್ಕ ಚೀಟಿ ಬರೆದಳು. ತಂಡದ ಅನುಮತಿ ಅಂದೇ ರದ್ದಾಯಿತು. ನನ್ನನ್ನು ಇಲ್ಲಿಯವರೆಗೆ ತಳ್ಳಿಕೊಂಡು ಬಂದವನು ಅವನೇ. ದಾರಿಯುದ್ದಕ್ಕೂ ಅವನ ಹೆಬ್ಬೆರಳು ಕಾಣುತ್ತಿತ್ತು.

ಅದಾಗಿ ಐದು ಬೇಸಿಗೆ ಕಳೆದವು. ಸೀಟು ಹರಿದಿದೆ, ಟ್ಯಾಂಕಿನಲ್ಲಿ ಇರುವೆಗಳು ಮನೆ ಮಾಡಿವೆ. ಪ್ರತಿ ಬೇಸಿಗೆಯಲ್ಲೂ ತಿಪ್ಪೇಶ ನಡೆದೇ ಬರುತ್ತಾನೆ. ಮಾರಕ್ಕನಿಂದ ಸುಣ್ಣದ ಡಬ್ಬ ಇಸಿದುಕೊಂಡು ಕಾವಲಿಗೆ ಹೋಗುತ್ತಾನೆ. ಯಾರೂ ಕರೆದಿಲ್ಲ. ನನ್ನ ಕಡೆ ನೋಡುವುದಿಲ್ಲ.

ಸಾಕು. ನಾನು ಕೋಟೆ ಹಾರಿಲ್ಲ. ಮೋಡ ಮುಟ್ಟಿಲ್ಲ. ಇಡೀ ಬಾಳಿನಲ್ಲಿ ನಾನು ದಾಟಿದ್ದು ಒಂದೇ ಒಂದು ಗಡಿ. ಮೊಣಕಾಲೆತ್ತರದ್ದು. ಯಾರು ಬೇಕಾದರೂ ದಾಟಬಹುದಿತ್ತು.