ಸೂತಕದ ಮೈಗೆ ಎಣ್ಣೆ

ಕೊಡಲಿ ಹೊತ್ತ ಗಂಡಸರು ಅಂಗಳ ದಾಟುವಷ್ಟರಲ್ಲಿ ವರದಮ್ಮ ಗಂಡನ ಹೆಣ ಬಿಟ್ಟು ಎದ್ದುಬಂದು ದಾರಿಗೆ ಅಡ್ಡ ನಿಂತಳು. ಕ್ಯಾಸನೂರಿನ ಪಕ್ಕದ ಆ ಊರಿನಲ್ಲಿ ಚಿತೆಗೆ ಮನೆಗೊಬ್ಬ ಕಾಡಿಗೆ ಹೋಗಿ ಕಟ್ಟಿಗೆ ತರಬೇಕು; ತರದಿದ್ದರೆ ಹೆಣ ಏಳು ಜನ್ಮವಾದರೂ ಬೇಯುವುದಿಲ್ಲ. ಎಲ್ಲರಿಗಿಂತ ಮುಂದೆ ಮಗ ಗಣೇಶನಿದ್ದ.

"ಹಾರ್ಟ್ ಅಟ್ಯಾಕ್ ಅಂದಿದ್ದು ಸುಳ್ಳು. ಮಂಗನ ಕಾಯ್ಲೆ. ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಎಣ್ಣೆ ಹಚ್ಕಂಡು ಹೋಗ್ರೀ," ಎಂದಳು.

*

ಸತ್ತ ರಂಗಪ್ಪನದು ಎಂಥ ಗಂಟಲು! ಮೂರು ಲೋಕ ಸುತ್ತಿದವರೂ ಅಂಥದ್ದನ್ನು ಕಂಡಿರಲಿಕ್ಕಿಲ್ಲ. ಅವನು ಕೆಮ್ಮಿದರೆ ಶಿಕಾರಿಪುರದ ಸಂತೆಯಲ್ಲಿ ಎತ್ತುಗಳು ಹಗ್ಗ ಹರಿಯುತ್ತಿದ್ದವು. ಕೈಗೆ ಮೊಬೈಲ್ ಬಂದ ಮೇಲಂತೂ ಬ್ರಹ್ಮನಿಗೂ ನಿದ್ದೆಯಿಲ್ಲ. ಕಾಡಂಚಿನಲ್ಲಿ ಮಂಗಗಳು ಸತ್ತು ಬಿದ್ದಾಗ ಆಶಾ ಕಾರ್ಯಕರ್ತೆ ಧನಲಕ್ಷ್ಮಿ, ಕಾಯಿಲೆ ಹರಡುವ ಉಣುಗು ಹುಳ ಕಚ್ಚದಿರಲೆಂದು ಮೈಗೆ ಹಚ್ಚುವ ಎಣ್ಣೆಯನ್ನು ಮನೆಮನೆಗೂ ಕೊಟ್ಟಳು. ಎಲ್ಲಿಂದಲೋ ಬಂದ ವಿಡಿಯೋ ನೋಡಿದ್ದ ರಂಗಪ್ಪ ತನ್ನ ಪಾಲಿನದನ್ನು ಗಾಡಿಯ ಕೀಲಿಗೆ ಸುರಿದು, ಊರಿನ ಗುಂಪಿಗೆಲ್ಲ ವಾಯ್ಸ್ ಮೆಸೇಜ್ ಬಿಟ್ಟ. ವರದಮ್ಮ ಒಂದು ಬಾಟಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಳು.

*

ರಂಗಪ್ಪನ ಅಣ್ಣ ಉಜ್ಜಪ್ಪ ವರದಮ್ಮನ ಕೈಯಲ್ಲಿದ್ದ ಆ ಬಾಟಲಿಯನ್ನು ಹಾವು ನೋಡಿದಂತೆ ನೋಡಿದ.

"ಸೂತಕದ ಮೈಗೆ ಎಣ್ಣೆ ಮುಟ್ಟಿಸ್ತಾರೇನಮ್ಮ? ಗಂಡ ಮಲಗ್ಯಾನೆ, ಇನ್ನೂ ಎತ್ತಿಲ್ಲ. ಅಷ್ಟರಲ್ಲೇ ಅವನ್ನ ಸುಳ್ಳುಗಾರನ್ನ ಮಾಡ್ತೀಯ?"

"ಅವ್ರು ಸುಳ್ಳು ಹೇಳ್ಲಿಲ್ಲ ಭಾವ. ನಂಬಿದ್ರು. ನಂಬಿದ್ದಕ್ಕೇ ಸತ್ರು."

ಯಾರೋ ಮೊಬೈಲ್ ಒತ್ತಿದರು. ಮೂಗಿಗೆ ಹತ್ತಿಯಿಟ್ಟು ಮಲಗಿದ್ದವನ ದನಿ ಅಂಗಳದ ತುಂಬ ಗುಡುಗಿತು: "ಎಣ್ಣೆ ಹಚ್ಚಿದ್ರೇ ಉಣುಗು ಬರೋದು ಕಣ್ರಪ್ಪಾ. ಹುಟ್ಟಿದಾಗ್ನಿಂದ ಕಾಡು ತಿರುಗ್ದೋನು ನಾನು. ನಂಗೇನಾತು?"

ಹೆಣದತ್ತ ಯಾರೂ ತಿರುಗಲಿಲ್ಲ. ಅವನು ಹೇಳಿದ ಮೇಲೆ ಮುಗಿಯಿತು ಎಂಬಂತೆ ಸಾಲು ಮತ್ತೆ ಹೊರಟಿತು.

ಗಣೇಶ ಮಾತ್ರ ಕೊಡಲಿ ಇಳಿಸಿ ಕಲ್ಲಿನ ಮೇಲೆ ಕೂತು ಕಾಲು ಚಾಚಿದ. "ಹಚ್ಚಮ್ಮ."

"ಹಂಗಾದ್ರೆ ಕೊಳ್ಳಿ ನಾನಿಡ್ತೀನಿ," ಎಂದ ಉಜ್ಜಪ್ಪ. "ಎಣ್ಣೆ ಕೈ ಚಿತೆ ಮುಟ್ಟಬಾರ್ದು."

ವರದಮ್ಮ ಮಗನ ಪಾದದಿಂದ ಮೊಣಕಾಲಿನವರೆಗೆ, ಎಳೆಗೂಸಿಗೆ ತಿಕ್ಕುವಂತೆ ತಿಕ್ಕಿದಳು.

ಮಧ್ಯಾಹ್ನದ ಹೊತ್ತಿಗೆ ಉಜ್ಜಪ್ಪನದೂ ಸೇರಿ ಎಲ್ಲರ ಹೆಗಲ ತುಂಬ ಕಾಡಿನಿಂದ ಕಟ್ಟಿಗೆ ಬಂತು. ಗಂಡಸರು ಚಟ್ಟ ಎತ್ತಿದರು. ಗಣೇಶ ಎಲ್ಲರಿಗಿಂತ ಹಿಂದೆ ನಡೆದ. ಬೆಂಕಿಯ ಮಡಕೆ ಹಿಡಿದು ಮುಂದೆ ಹೊರಟ ಉಜ್ಜಪ್ಪನ ಬರಿಬೆನ್ನನ್ನು ವರದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೆವರಿನ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು, ಯಾವ ಅವಸರವೂ ಇಲ್ಲದೆ, ಕತ್ತಿನ ಕಡೆಗೆ ಹತ್ತುತ್ತಿತ್ತು.