ನಾಲ್ಕನೇ ಪುಟದ ದುರ್ಗಕ್ಕ

ಕಮಲಾಪುರದ ದುರ್ಗಕ್ಕನ ಮನೆಪತ್ರ ಕಳೆದು ಆರು ತಿಂಗಳಾಗಿತ್ತು. ಇಲಿ ತಿಂದಿತೋ, ಗಂಡ ಸಾಯುವಾಗ ಉಡಿಯಲ್ಲಿ ಕಟ್ಟಿಕೊಂಡು ಹೋದನೋ, ಆ ಪಂಪಾಪತಿಗೇ ಗೊತ್ತು. ಹೊಸ ಪ್ರತಿ ಬೇಕಾದರೆ 'ಕಳೆದಿದೆ' ಎಂದು ಪೇಪರಿನಲ್ಲಿ ಹಾಕಿಸಿ, ಆ ಪುಟವನ್ನು ಅರ್ಜಿಗೆ ಹಚ್ಚಬೇಕಿತ್ತು. ಅರ್ಜಿಗೆ ಇವತ್ತೇ ಕೊನೆಯ ದಿನ. ಪ್ರಕಟಣೆಯೂ ಇವತ್ತೇ ಬಂದಿತ್ತು. ಪಕ್ಕದ ಮನೆಯ ಪಲ್ಲವಿ ಮೊಬೈಲಿನಲ್ಲಿ ನೋಡಿ, ಜೆರಾಕ್ಸ್ ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಸಿಕೊಟ್ಟಿದ್ದಳು. ನಾಲ್ಕನೇ ಪುಟ, ಹೊಲಿಗೆ ಯಂತ್ರದ ಚಿತ್ರದ ಪಕ್ಕ. ದುರ್ಗಕ್ಕನಿಗೆ ಅಕ್ಷರ ಅಷ್ಟಕ್ಕಷ್ಟೇ. ಹೊಲಿಗೆ ಯಂತ್ರವನ್ನು ಗುರುತಿಟ್ಟುಕೊಂಡಳು.

ಹೊಸಪೇಟೆಯ ಆಫೀಸಿನಲ್ಲಿ ಗುಮಾಸ್ತ ಗವಿಸಿದ್ದಪ್ಪ ಆ ಹಾಳೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

"ಇದು ನಡಿಯಂಗಿಲ್ಲ ಯಮ್ಮಾ. ಅಚ್ಚಾದ ಪೇಪರೇ ಬೇಕು. ಬಸ್ ಸ್ಟ್ಯಾಂಡಿನಾಗ ನೋಡು, ಪೇಪರಿಗೇನು ಬರ ಬಂದೈತಾ?"

ಬರವೇ ಬಂದಿತ್ತು. ಒಂದು ಕಾಲಕ್ಕೆ ಬಸ್ ಸ್ಟ್ಯಾಂಡಿನ ಹೊನ್ನೂರುಸ್ವಾಮಿಯ ಅಂಗಡಿಯಲ್ಲಿ ಪೇಪರುಗಳು ಮದುವೆ ಮನೆಯ ತೋರಣದಂತೆ ತೂಗುತ್ತಿದ್ದವು. ಈಗ ಅಲ್ಲಿ ಚಿಪ್ಸ್ ಪೊಟ್ಟಣ.

"ಪೇಪರ್ ಬಿಟ್ಟು ಎರಡು ವರ್ಷ ಆತು ಯಮ್ಮಾ. ಯಾರು ಓದ್ತಾರ? ಚಿಪ್ಸ್ ಕೊಡ್ಲಾ?"

"ನನಗ ಹಲ್ಲೇ ಇಲ್ಲ. ನಿನ್ನ ಚಿಪ್ಸಿನ ಮ್ಯಾಲೆ ನನ್ನ ಮನಿ ಸುದ್ದಿ ಅಚ್ಚಾಗೈತೇನು?"

ರೈಲ್ವೆ ಸ್ಟೇಷನ್ನಿನಲ್ಲಿ ನೀರಿನ ಬಾಟಲಿ ಇತ್ತು, ಪೇಪರಿಲ್ಲ. ಕಟಿಂಗ್ ಅಂಗಡಿಯಲ್ಲಿ ಪೇಪರಿತ್ತು, ಹೋದ ತಿಂಗಳದ್ದು. ಹಂಪಿಯ ಕಲ್ಲುಗಳನ್ನೆಲ್ಲ ಎಣಿಸಿ ಬಂದಷ್ಟು ನಡೆದು, ಚಪ್ಪಲಿಯ ಉಂಗುಟ ಕಿತ್ತು, ನಾಲ್ಕು ಗಂಟೆಗೆ ದುರ್ಗಕ್ಕ ಬರಿಗೈಯಲ್ಲಿ ಆಫೀಸಿಗೆ ಮರಳಿದಳು. ಇನ್ನೊಂದು ದಿನ ಅವಕಾಶ ಕೊಡು ಎಂದು ಕೇಳಿಕೊಳ್ಳಬೇಕೆಂದಿದ್ದಳು.

ಅಲ್ಲಿ ಮೇಜಿನ ಮೇಲೆ ಪೇಪರ್ ಹಾಸಿ, ಒಗ್ಗರಣೆ ಮಂಡಕ್ಕಿ ಸುರಿದು, ನಾಲ್ಕು ಜನ ಸುತ್ತ ನಿಂತು ತಿನ್ನುತ್ತಿದ್ದರು. ಗವಿಸಿದ್ದಪ್ಪ ಮಿರ್ಚಿಯೊಂದನ್ನು ಎತ್ತಿಕೊಂಡ. ಅದರ ಕೆಳಗೆ ಹೊಲಿಗೆ ಯಂತ್ರ ಕಂಡಿತು.

"ಇದು ಯಾವತ್ತಿನ ಪೇಪರಪ್ಪಾ?"

"ಇವತ್ತಿಂದು. ಆಫೀಸಿಗೆ ದಿನಾ ಬರ್ತೈತಿ."

ದುರ್ಗಕ್ಕನ ನೆತ್ತಿಯ ಮೇಲೆ ಅನ್ನಕ್ಕೆ ಎಸರಿಡಬಹುದಿತ್ತು.

"ಊರೆಲ್ಲಾ ಅಲೆಸಿ, ನನ್ನ ಮನಿ ಮ್ಯಾಲೇ ಮಿರ್ಚಿ ಇಟಗಂಡು ತಿನ್ನಾಕ ಹತ್ತೀಯಲ್ಲೋ."

"ಅದು ಆಫೀಸಿನ ಪೇಪರ್ ಯಮ್ಮಾ, ಕೊಡಾಕ ಬರಂಗಿಲ್ಲ. ಎಣ್ಣಿ ಬ್ಯಾರೆ ಹತ್ತೈತಿ."

"ಎಣ್ಣಿ ಹಚ್ಚಿದಾಕಿ ನಾನಲ್ಲ."

ಪೇಪರಿನ ನಾಲ್ಕೂ ಮೂಲೆ ಹಿಡಿದು, ಮಂಡಕ್ಕಿ ಸಮೇತ ಗಂಟಿನಂತೆ ಎತ್ತಿಕೊಂಡು ಅವನ ಕುರ್ಚಿಯಲ್ಲೇ ಕುಳಿತಳು.

"ಸೀಲ್ ಹಾಕ್ತೀಯೋ, ನಾಳಿ ಇದೇ ಪೇಪರ್‌ನಾಗ ನಿನ್ನ ಫೋಟೋ ಹಾಕಸ್ಲೋ?"

"ಹಾಕ್ಸು. ಯಾರು ಓದ್ತಾರ?"

"ನಾಳಿ ಮಂಡಕ್ಕಿ ತಿನ್ನವ್ರು."

ಉಳಿದ ಮೂವರು ನಕ್ಕರು. ಗವಿಸಿದ್ದಪ್ಪ ನಗಲಿಲ್ಲ, ಮಂಡಕ್ಕಿ ಕೊಡವಿ, ನಾಲ್ಕನೇ ಪುಟ ಹರಿದು ಅರ್ಜಿಗೆ ಹಚ್ಚಿ ಸೀಲು ಒತ್ತಿದ. ಎಣ್ಣೆಯ ಮೇಲೆ ಅದು ಮೂಡಲಿಲ್ಲ.

"ಇನ್ನೊಮ್ಮಿ ಒತ್ತು," ಎಂದಳು ದುರ್ಗಕ್ಕ, ಅವನ ಪಾಲಿನ ಮಿರ್ಚಿ ಮುರಿಯುತ್ತಾ. "ಮೂಡೋತನಕ ನಾನೇನು ಏಳಂಗಿಲ್ಲ."