ರಾಜರ ಕಕ್ಕಸು

"ಏಳೇ ಮೇಲೆ. ಕೋಟೆ ಅಂದ್ರೆ ನಿಮ್ಮಪ್ಪನ ಹಿತ್ತಲಾ?"

ಬುರುಜಿನ ಮರೆಯಲ್ಲಿ ಉಚ್ಚೆಗೆ ಕೂತಿದ್ದ ನನ್ನ ದೊಡ್ಡಮ್ಮ ಅರ್ಧಕ್ಕೇ ಎದ್ದು ಬಂದಳು. ಮೇಸ್ತ್ರಿ ಎಲ್ಲರೆದುರು ಉಗಿದ. ಇನ್ನೊಂದು ಸಲ ಕೋಟೆಯೊಳಗೆ ಕೂತರೆ ಕೆಲಸದಿಂದ ಕಿತ್ತು ಬಿಸಾಕ್ತೀನಿ ಅಂದ. ಗುಡ್ಡ ಇಳಿದು ಹೋಗಿ ಬರೋಣವೆಂದರೆ ಅಷ್ಟು ಹೊತ್ತು ಬಿಡುವ ಆಸಾಮಿಯಲ್ಲ ಅವನು. ಅವತ್ತಿಂದ ದೊಡ್ಡಮ್ಮ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಹತ್ತಿಕೊಂಡಿತು. ಜ್ವರದಲ್ಲೇ ಮಣ್ಣು ಹೊತ್ತಳು.

ನಾವು ತೋಡುತ್ತಿದ್ದದ್ದೇನು ಅಂತೀರಿ? ಕೋಟೆ ನೋಡಲು ಬರುವವರ ಕಕ್ಕಸಿಗೆ ಪೈಪಿನ ಕಾಲುವೆ.

ಅದರ ಅಂಚಲ್ಲಿ ಕುರ್ಚಿ ಹಾಕಿಕೊಂಡು ಪುರಾತತ್ವದ ಸಾಹೇಬರು ಕೂರುತ್ತಿದ್ದರು. ಗುದ್ದಲಿಗೆ ಹಳೆಯದೇನಾದರೂ ತಾಗಿದರೆ "ನಿಲ್ಸಿ" ಅನ್ನುವುದೇ ಅವರ ಕೆಲಸ. ನಮ್ಮ ಬಾಯಲ್ಲಿ ಅವರು ನಿಲ್ಸಿ ಸಾಹೇಬ. ಹಿಂದಿನ ವಾರ ನನ್ನದೇ ಹರಿದ ಚಪ್ಪಲಿಗೂ "ನಿಲ್ಸಿ" ಅಂದು ಫೋಟೊ ತೆಗೆಸಿದ್ದರು.

ಆ ಮಧ್ಯಾಹ್ನ ನನ್ನ ಗುದ್ದಲಿ ಠಣ್ ಅಂತು. ಮಣ್ಣು ಸರಿಸಿದರೆ ತೂತಿರುವ ಚಪ್ಪಡಿ, ಅದರಡಿ ಕಲ್ಲು ಕಟ್ಟಿದ ಗುಂಡಿ, ಒಳಗೆ ಕಪ್ಪು ಮಣ್ಣು.

"ನಿಲ್ಸಿ." ಸಾಹೇಬರು ಕಾಲುವೆಗಿಳಿದು ಮಂಡಿಯೂರಿದರು. ಮೂಸಿಯೂ ನೋಡಿದರು. "ರಾಜರ ಕಕ್ಕಸು ಕಣಯ್ಯಾ. ಮುನ್ನೂರು ವರ್ಷದ್ದು."

"ಹಂಗಾದ್ರೆ ಈ ಕರೀ ಮಣ್ಣು, ಸಾರ್?"

"ಅದೇ. ರಾಜರು ಏನೇನು ತಿಂತಿದ್ರು ಅಂತ ಇದ್ರಲ್ಲಿ ಗೊತ್ತಾಗುತ್ತೆ."

ಬ್ರಷ್ಷು ಬಂತು, ಚಮಚ ಬಂತು. ಚಮಚ ಚಮಚವಾಗಿ ತೆಗೆದು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದರು. ಸುತ್ತ ಹಗ್ಗ ಕಟ್ಟಿದರು. ಪಾಪ, ಬಿಸಿಲು ತಾಗಬಾರದಂತೆ, ಮೇಲೆ ಟಾರ್ಪಾಲು ಹೊದಿಸಿದರು. ಚೀಲಗಳನ್ನು ಜೀಪಿಗೆ ಸಾಗಿಸುವ ಭಾಗ್ಯ ನನ್ನದು.

"ಹುಷಾರು ಕಣೋ, ಅಲ್ಲಾಡಿಸ್ಬೇಡ," ಎಂದು ಮೇಸ್ತ್ರಿ ಪಕ್ಕಕ್ಕೆ ಸರಿದ. ಅವನು ನನಗೆ ದಾರಿ ಬಿಟ್ಟದ್ದು ಅದೇ ಮೊದಲು. ರಾಜರ ಹೇಲಿಗಿದ್ದ ಮರ್ಯಾದೆ ಅದು.

ದೊಡ್ಡಮ್ಮ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಬುಟ್ಟಿ ಕೆಳಗಿಟ್ಟಳು. ಹಗ್ಗ ಎತ್ತಿ ಒಳಗೆ ನುಗ್ಗಿದಳು.

"ಬರ್ರೇ, ಈ ಟಾರ್ಪಾಲು ಒಂಚೂರು ಸುತ್ತ ಹಿಡೀರೆ."

ಹೆಂಗಸರು ಬೆನ್ನು ತಿರುಗಿಸಿ ಗೋಡೆಯ ಹಾಗೆ ಹಿಡಿದು ನಿಂತರು.

"ಏಯ್ ಮುಂಡೇ, ಈಚೆ ಬಾರೆ. ಕೆಲಸ ಕಳ್ಕೊಂತೀಯ," ಮೇಸ್ತ್ರಿ ಬೊಬ್ಬೆ ಹೊಡೆದ. ಸಾಹೇಬರು ಚಮಚ ಹಿಡಿದುಕೊಂಡೇ ಓಡಿ ಬಂದರು. "ನಿಲ್ಸಿ, ನಿಲ್ಸಿ."

ಟಾರ್ಪಾಲಿನ ಒಳಗಿಂದ ದೊಡ್ಡಮ್ಮನ ದನಿ ನೆಮ್ಮದಿಯಾಗಿ ಬಂತು.

"ಇನ್ನು ನಿಲ್ಸಕ್ಕಾಗಲ್ಲ ಸಾಹೇಬ್ರೇ. ಚೀಟಿ ಬರೀತಾ ಇರಿ."

ಟಾರ್ಪಾಲಿನ ಹೊರಗೆ ಇನ್ನೊಬ್ಬಳು ಬುಟ್ಟಿ ಕೆಳಗಿಟ್ಟು ಸಾಲಿಗೆ ನಿಂತಳು. ಅವಳ ಹಿಂದೆ ಮತ್ತೊಬ್ಬಳು.